ಪೇಟೆಂಟ್ ಅರ್ಜಿ ತಿರಸ್ಕೃತವಾದರೆ ಮುಂದೇನು?

ಪರ್ತ್, ಬ್ರಿಸ್ಬೇನ್, ಅಡಿಲೇಡ್ ನಗರಗಳ ನಮ್ಮ ಕನ್ನಡ ಬಂಧುಗಳಲ್ಲಿ ಇಂಜಿನಿಯರುಗಳಿಗೆ ಬರವಿಲ್ಲ. ಚಲಿಸುವ ವಸ್ತುವಿನ ಜಾಡು ಹಿಡಿಯುವ ‘ಟಾರ್ಗೆಟ್ ಟ್ರ್ಯಾಕಿಂಗ್’ ತಂತ್ರಜ್ಞಾನಕ್ಕೆ ಪೇಟೆಂಟ್ ಕೇಳಿದವರು ಎದುರಿಸಬಹುದಾದ ಆಕ್ಷೇಪಣೆಯೊಂದಿದೆ: ಇದು ಬರೀ ಗಣಿತ, ಕಂಪ್ಯೂಟರಿಗೆ ಹಾಕಿದ್ದೀರಿ ಅಷ್ಟೆ! ಅಲ್ಲಿಗೆ ದಾರಿ ಮುಚ್ಚುವುದಿಲ್ಲ; ಗಡುವು ತಪ್ಪಿದರೆ ಮುಚ್ಚೀತು.

ಆಸ್ಟ್ರೇಲಿಯಾದಲ್ಲಿ ಕ್ರಮ ಹೀಗಿದೆ. ಐಪಿ ಆಸ್ಟ್ರೇಲಿಯಾ ಕಚೇರಿಯ ಮೊದಲ ಪರಿಶೀಲನಾ ವರದಿಯ ದಿನಾಂಕದಿಂದ 12 ತಿಂಗಳೊಳಗೆ ಅರ್ಜಿ ಅಂಗೀಕಾರವಾಗಬೇಕು. ಪರಿಶೀಲಕರು ಒಪ್ಪದಿದ್ದರೆ, ಆ ಅವಧಿ ಮುಗಿಯುವ ಮೊದಲೇ ವಿಚಾರಣೆ ಕೋರಬೇಕು. ಪೇಟೆಂಟ್ ಆಯುಕ್ತರ ಪ್ರತಿನಿಧಿ ವಾದ ಕೇಳಿ ತೀರ್ಮಾನಿಸುತ್ತಾರೆ. ವಾದವನ್ನು ಬರಹದಲ್ಲೂ ಸಲ್ಲಿಸಬಹುದು. ಅವರೂ ನಿರಾಕರಿಸಿದರೆ 21 ದಿನಗಳೊಳಗೆ ಫೆಡರಲ್ ಕೋರ್ಟಿಗೆ ಮೇಲ್ಮನವಿ ಹಾಕಬಹುದು. ಈ ಕೋರ್ಟಿನ ಕಚೇರಿ ಮೂರೂ ನಗರಗಳಲ್ಲಿದೆ. ಕೋರ್ಟು ವಿಷಯವನ್ನು ಹೊಸದಾಗಿ ನೋಡುತ್ತದೆ, ಹೊಸ ಸಾಕ್ಷ್ಯಕ್ಕೂ ಅವಕಾಶವಿದೆ. ಆದರೆ ಸೋತರೆ ಎದುರು ಪಕ್ಷದ ಖರ್ಚೂ ನಮ್ಮ ತಲೆಗೆ ಬರಬಹುದು.

ಗೆಲುವು ಯಾವುದರ ಮೇಲೆ ನಿಂತಿದೆ? ಎರಡು ಪ್ರಕರಣ ನೋಡೋಣ. ಕೆಲಸಗಾರರ ಅನುಭವವನ್ನು ಕಂಪ್ಯೂಟರಿನಿಂದ ಅಳೆಯುವ ಆರ್‌ಪಿಎಲ್ ಸೆಂಟ್ರಲ್ ಸಂಸ್ಥೆಯ ವಿಧಾನವನ್ನು ಆಯುಕ್ತರು ತಿರಸ್ಕರಿಸಿದ್ದರು. ಸಂಸ್ಥೆ 2013ರಲ್ಲಿ ಫೆಡರಲ್ ಕೋರ್ಟಿನಲ್ಲಿ ಗೆದ್ದಿತು, 2015ರಲ್ಲಿ ಪೂರ್ಣಪೀಠದ ಮುಂದೆ ಸೋತಿತು. ಇದು ಮಾಮೂಲಿ ಕಂಪ್ಯೂಟರಿಗೆ ಹಾಕಿದ ವ್ಯವಹಾರ ಯೋಜನೆ ಮಾತ್ರ ಎಂಬುದು ಪೀಠದ ಅಭಿಪ್ರಾಯ.

ಇನ್ನೊಂದು ಅಮೆರಿಕದ್ದು. ಎಫ್-35 ಯುದ್ಧವಿಮಾನದ ಹೆಲ್ಮೆಟ್ ಕುರಿತು ಥೇಲ್ಸ್ ವಿಷನಿಕ್ಸ್ ಸಂಸ್ಥೆ ಸರ್ಕಾರದ ಮೇಲೆ ದಾವೆ ಹೂಡಿತ್ತು. ಚಲಿಸುವ ವಾಹನದೊಳಗೆ ತಲೆಯ ಚಲನೆಯ ಜಾಡು ಹಿಡಿಯುವ ಅದರ ಪೇಟೆಂಟನ್ನು ಕೆಳ ನ್ಯಾಯಾಲಯ ಅಸಿಂಧು ಎಂದಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಸಂವೇದಕಗಳನ್ನು ಹೊಸ ರೀತಿಯಲ್ಲಿ ಜೋಡಿಸಿ ಅಳತೆಯ ದೋಷ ಕಡಿಮೆ ಮಾಡಿದ್ದಾರೆ, ಸಮೀಕರಣ ಬಳಸಿದ ಮಾತ್ರಕ್ಕೆ ಪೇಟೆಂಟ್ ಕೆಡುವುದಿಲ್ಲ ಎಂದಿತು. ಈ ತೀರ್ಪು ಇಲ್ಲಿನ ಕೋರ್ಟುಗಳನ್ನು ಕಟ್ಟಿಹಾಕದು, ಆದರೂ ಪಾಠ ದೊಡ್ಡದು.

ಸಂವೇದಕ ಎಲ್ಲಿದೆ, ಯಾವ ದೋಷ ಹೇಗೆ ಕಡಿಮೆಯಾಯಿತು ಎಂಬುದೆಲ್ಲ ಮೊದಲ ವಿವರಣಾ ಪತ್ರದಲ್ಲೇ ಇರಬೇಕು. ಅದರಲ್ಲಿ ಇಲ್ಲದ ತಾಂತ್ರಿಕ ವಿಷಯವನ್ನು ಆಮೇಲೆ ತಿದ್ದುಪಡಿಯಿಂದ ಸೇರಿಸಲು ಕಾನೂನು ಬಿಡದು. ಎಷ್ಟು ದೊಡ್ಡ ವಕೀಲರಿದ್ದರೂ ಬರೆಯದೇ ಬಿಟ್ಟ ಪುಟ ಹಿಂದಿರುಗದು. ಆದ್ದರಿಂದ ಅರ್ಜಿ ಹಾಕುವ ಮೊದಲೇ ನೋಂದಾಯಿತ ಪೇಟೆಂಟ್ ಅಟಾರ್ನಿಯನ್ನು ಕಾಣಿರಿ ಎಂಬುದು ನಮ್ಮ ವಿನಂತಿ.