ಹಾಡಿದವರ ಹೆಸರಿಲ್ಲದ ಪುಸ್ತಕ ಅರ್ಧ ಪುಸ್ತಕ

ಪಟ್ಟನಾಯಕನಹಳ್ಳಿ ಕಡೆಯ ಶಾಲೆಗಳಲ್ಲಿ ಕನ್ನಡ ಕಲಿಸಿದಷ್ಟು ವರ್ಷವೂ ಮಕ್ಕಳಿಗೆ ನಾನು ತಪ್ಪದೆ ಹೇಳುತ್ತಿದ್ದ ಮಾತೊಂದಿದೆ: ನಮ್ಮ ಶಿರಾ ಸೀಮೆಗೂ ಒಂದು ಮಹಾಕಾವ್ಯವಿದೆ, ಅದನ್ನು ಕಟ್ಟಿ ಉಳಿಸಿದವರು ಓದು ಬರಹ ಬಾರದ ದನಗಾಹಿಗಳು.

ಅದು ಜುಂಜಪ್ಪನ ಕಾವ್ಯ. ಕಾಡುಗೊಲ್ಲರ ಈ ವೀರ ತಾಯಿ ಚಿನ್ನಮ್ಮನ ಬೆನ್ನು ಸೀಳಿ ಹುಟ್ಟಿದವನು, ದನದ ಹಿಂಡಿನೊಂದಿಗೆ ಕಾಡು ತಿರುಗಿದವನು, ಸೋದರಮಾವಂದಿರು ಇಕ್ಕಿದ ವಿಷಕ್ಕೆ ಬಲಿಯಾದವನು. ನಮ್ಮ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಅವನ ಗುಡ್ಡೆಯಿದೆ. ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಹಟ್ಟಿಗಳವರು ಅಲ್ಲಿಗೆ ನಡೆದುಕೊಳ್ಳುತ್ತಾರೆ. ಹಾವು, ಚೇಳಿನ ಭಯವಾದರೆ ಇವತ್ತಿಗೂ ಹರಕೆ ಹೊರುವುದು ಅವನಿಗೇ.

ಈ ಕಾವ್ಯಕ್ಕೆ ಗಣೆ ಬೇಕೇ ಬೇಕು. ಗಣೆ ಎಂದರೆ ಉದ್ದನೆಯ ಬಿದಿರಿನ ಕೊಳಲು. ಹಾಡುವವರು ಒಂದು ಸೊಲ್ಲು ಹೇಳಿ, ಗಣೆಯನ್ನು ತುಟಿಗಿಟ್ಟು ಊದಿ, ಮತ್ತೆ ಮುಂದಿನ ಸೊಲ್ಲಿಗೆ ಬರುತ್ತಾರೆ. ಊದುವಷ್ಟು ಹೊತ್ತು ಕೇಳುವವರ ಮನಸ್ಸಿನಲ್ಲಿ ಹಿಂದಿನ ಮಾತು ಊರುತ್ತದೆ, ಹಾಡುವವರ ಮನಸ್ಸಿನಲ್ಲಿ ಮುಂದಿನದು ಹೊಂದಿಕೊಳ್ಳುತ್ತದೆ. ವಯಸ್ಸಾದವರ ದಮ್ಮು ಕಡಿಮೆಯಾದಂತೆ ಸೊಲ್ಲೂ ಮೊಟಕಾಗುವುದನ್ನು ನಾನು ಕಂಡಿದ್ದೇನೆ. ಹಾಡನ್ನಷ್ಟೇ ಅಚ್ಚು ಹಾಕಿದರೆ ಇದೊಂದೂ ಕಾಣುವುದಿಲ್ಲ. ಯಾರು ಹಾಡಿದರು, ಅವರ ಪ್ರಾಯವೆಷ್ಟು, ಯಾರಿಂದ ಕಲಿತರು, ಯಾವ ಹಬ್ಬಕ್ಕೆ ಹಾಡಿದರು ಎಂಬುದನ್ನೂ ಬರೆದಾಗಲೇ ಓದುವವರಿಗೆ ಆ ಹಾಡು ಕೇಳಿಸೀತು.

ಕನ್ನಡದಲ್ಲಿ ಈ ಎಚ್ಚರ ಬರಲು ಕಾಲ ಹಿಡಿಯಿತು. 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ತಂದರು. 1933ರಲ್ಲಿ ಅರ್ಚಕ ಬಿ. ರಂಗಸ್ವಾಮಿಯವರ ‘ಹುಟ್ಟಿದ ಹಳ್ಳಿ ಹಳ್ಳಿಯ ಹಾಡು’ ಬಂತು. ಈ ಹಿರಿಯರ ಋಣ ದೊಡ್ಡದು. ಆದರೂ ಜನಪದ ಹಾಡಿಗೆ ಕರ್ತೃವಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ, ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ ಎಷ್ಟೋ ಹೆಣ್ಣುಮಕ್ಕಳು ಹೆಸರಿಲ್ಲದೆ ಹೋದರು. ಮುಂದೆ ತೀ.ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯ, ನಂಬಿಕೆಗಳನ್ನು ಆಳವಾಗಿ ಅಭ್ಯಾಸ ಮಾಡಿ ಪುಸ್ತಕ ಬರೆದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜುಂಜಪ್ಪನ ಕಾವ್ಯವನ್ನು ಅಚ್ಚಿಗೆ ತಂದಿತು.

ನನಗೆ ದಾರಿ ಕಾಣಿಸಿದ್ದು ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿಯ ನಾಲಗೆಯ ಮೇಲೆ ಸಾವಿರಾರು ಪದಗಳಿದ್ದವು. ಕೃಷ್ಣಮೂರ್ತಿ ಹನೂರರು ಅವನ್ನು ಸಂಗ್ರಹಿಸಿ ‘ಸಾವಿರದ ಸಿರಿಬೆಳಗು’ ಎಂಬ ಪುಸ್ತಕ ಮಾಡಿದರು. ಒಂದು ಹಟ್ಟಿಯ ಅಜ್ಜಿ ನಾಡಿಗೆಲ್ಲ ತನ್ನ ಹೆಸರಿನಿಂದಲೇ ಪರಿಚಿತಳಾದಳು. ತುಳುನಾಡಿನಲ್ಲಿಯೂ ಹೀಗೇ ಆಯಿತು. 1990ರಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಮತ್ತು ಅವರ ಜೊತೆಗಾರರು ಮಾಚಾರಿನ ಗೋಪಾಲ ನಾಯ್ಕರಿಂದ ಸಿರಿ ಕಾವ್ಯವನ್ನು ಹೇಳಿಸಿ ಧ್ವನಿಮುದ್ರಿಸಿಕೊಂಡರು. ಅದು 15,683 ಸಾಲುಗಳ ಕಾವ್ಯ. 1998ರಲ್ಲಿ ಅದು ಅಚ್ಚಾದಾಗ ಶೀರ್ಷಿಕೆಯಲ್ಲೇ ಗೋಪಾಲ ನಾಯ್ಕರ ಹೆಸರಿತ್ತು.

ನಮ್ಮ ಗಣೆಯವರಿಗೂ ಇದೇ ಮರ್ಯಾದೆ ಸಲ್ಲಬೇಕು. ಪರಿಚಯದ ಹಿರಿಯರೊಬ್ಬರ ಹಾಡು ಬರೆದುಕೊಳ್ಳಲು ಕೂತಾಗ ಅವರು ಕೇಳಿದ್ದು ದುಡ್ಡಲ್ಲ, ಇದನ್ನು ತಮ್ಮಪ್ಪ ಕಲಿಸಿದ್ದೆಂದು ಬರೆಯಬೇಕು ಎಂದಷ್ಟೇ. ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆಯ ಕಾಲೇಜು ಹುಡುಗರು ಹಟ್ಟಿಗಳಿಗೆ ಹೋಗಲಿ, ಮೊಬೈಲಿನಲ್ಲಿ ಧ್ವನಿ ಹಿಡಿಯಲಿ, ಒಬ್ಬೊಬ್ಬ ಕಲಾವಿದರಿಗೂ ಒಂದೊಂದು ಚಿಕ್ಕ ಪುಸ್ತಕವಾಗಲಿ. ಮೊದಲ ಪ್ರತಿ ಹಾಡಿದವರ ಮನೆಗೆ ಹೋಗಲಿ, ಇನ್ನೊಂದು ಪಂಚಾಯಿತಿ ಗ್ರಂಥಾಲಯದಲ್ಲಿರಲಿ. ಸಂಪಾದಕರ ಹೆಸರು ಒಳಪುಟದಲ್ಲಿದ್ದರೆ ಸಾಕು, ಮುಖಪುಟದ ಮೇಲೆ ಹಾಡಿದವರದೇ ಹೆಸರಿರಲಿ.