ಬಲಗುಂಡಿಯ ಪಟ್ಟಿಯ ಕಥೆ: ಫೋಟೋ ತಂತ್ರಾಂಶ ಅಲ್ಲಿಗೆ ಬಂದದ್ದು ಹೇಗೆ?



ವಿದ್ಯಾರ್ಥಿವೇತನದ ಅರ್ಜಿ, ಗುರುತಿನ ಚೀಟಿ, ಕಲೋತ್ಸವದ ವರದಿ, ಶಾಲಾ ಸ್ಮರಣ ಸಂಚಿಕೆ - ಇವತ್ತು ನಮ್ಮ ಶಾಲೆಗಳಲ್ಲಿ ಫೋಟೋ ಬೇಡದ ಕೆಲಸ ಯಾವುದಿದೆ ಹೇಳಿ? ಫೋಟೋ ಇದ್ದರೆ ಮಾತ್ರ ಸಾಲದು, ಅದರ ಅಳತೆ ಸರಿಯಾಗಬೇಕು, ತೂಕ ಇಳಿಯಬೇಕು, ಅಂಚು ಕತ್ತರಿಸಬೇಕು. ಹಾಗಾಗಿ ನಾವೆಲ್ಲ ದಿನಕ್ಕೆ ಎಷ್ಟೋ ಸಲ ಫೋಟೋದ ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತುತ್ತೇವೆ. ಒಂದು ಪುಟ್ಟ ಪಟ್ಟಿ ಬಿಚ್ಚಿಕೊಳ್ಳುತ್ತದೆ. ತೆರೆ, ಕಳುಹಿಸು, ಕತ್ತರಿಸು, ನಕಲಿಸು, ಅಳಿಸು... ಕೆಲವರ ಗಣಕದಲ್ಲಿ ಆ ಪಟ್ಟಿಯಲ್ಲೇ ಫೋಟೋ ತಿದ್ದುವ ತಂತ್ರಾಂಶದ ಹೆಸರೂ ಇರುತ್ತದೆ. ಕೆಲವರಲ್ಲಿ ಇರುವುದಿಲ್ಲ.

ಆ ಪಟ್ಟಿ ಬಂದದ್ದು ಎಲ್ಲಿಂದ? ಅದರಲ್ಲಿ ಯಾವ ಹೆಸರು ಇರಬೇಕು ಎಂದು ತೀರ್ಮಾನಿಸುವವರು ಯಾರು? ನಾವು ಬೇಕಾದದ್ದನ್ನು ಸೇರಿಸಬಹುದೇ? ಈ ಪ್ರಶ್ನೆಗಳ ಹಿಂದೆ ಅರವತ್ತು ವರ್ಷಗಳ ಚರಿತ್ರೆ ಇದೆ. ರಾಜ ಮಹಾರಾಜರ ಚರಿತ್ರೆ ಓದಿದ ಹಾಗೆ ಇದನ್ನೂ ಒಮ್ಮೆ ಓದೋಣ.

ಮರದ ಪೆಟ್ಟಿಗೆಯಿಂದ ಶುರು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆ ಎಂದೊಂದು ಇತ್ತು. ಅಲ್ಲಿದ್ದ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಎಂಬ ಎಂಜಿನಿಯರ್ 1964ರಲ್ಲಿ ಮೊದಲ ಮೌಸನ್ನು ತಯಾರಿಸಿದರು. ಅದೊಂದು ಮರದ ಪುಟ್ಟ ಪೆಟ್ಟಿಗೆ. ಅಡಿಯಲ್ಲಿ ಎರಡು ಚಕ್ರ, ಮೇಲೆ ಒಂದೇ ಒಂದು ಗುಂಡಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಗೆಲ್‌ಬಾರ್ಟ್ ಅದನ್ನು ತುಂಬಿದ ಸಭೆಯ ಎದುರು ತೋರಿಸಿದಾಗ ಗುಂಡಿಗಳು ಮೂರಾಗಿದ್ದವು.

ಒಂದಕ್ಕಿಂತ ಹೆಚ್ಚು ಗುಂಡಿ ಇದ್ದರೆ ಉಳಿದವುಗಳಿಗೆ ಏನು ಕೆಲಸ ಕೊಡುವುದು? ಇದಕ್ಕೆ ಚೆನ್ನಾದ ಉತ್ತರ ಸಿಕ್ಕಿದ್ದು 1970ರಲ್ಲಿ ಆರಂಭವಾದ ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ. ಹೌದು, ನಾವು ನಕಲು ಪ್ರತಿಗೆ ಹೆಸರಾಗಿಸಿಕೊಂಡಿರುವ ಅದೇ ಝೆರಾಕ್ಸ್. ಅಲ್ಲಿ 1973ರಲ್ಲಿ ತಯಾರಾದ ಆಲ್ಟೋ ಗಣಕಕ್ಕೆ ಮೂರು ಗುಂಡಿಯ ಮೌಸ್ ಇತ್ತು. ಅಲ್ಲಿಯೇ ಹುಟ್ಟಿದ ಸ್ಮಾಲ್‌ಟಾಕ್ ಎಂಬ ವ್ಯವಸ್ಥೆಯಲ್ಲಿ ಡ್ಯಾನ್ ಇಂಗಲ್ಸ್ ಎಂಬವರು, ಗುಂಡಿ ಒತ್ತಿದ ಕಡೆಯಲ್ಲೇ ಚಿಮ್ಮಿ ಬರುವ ಪಟ್ಟಿಯನ್ನು ರೂಪಿಸಿದರು. ಕೆಲಸದ ಪಟ್ಟಿಯನ್ನು ಹುಡುಕಿಕೊಂಡು ನಾವು ಹೋಗಬೇಕಾಗಿಲ್ಲ, ನಮ್ಮ ಕೈ ಇರುವಲ್ಲಿಗೆ ಅದೇ ಬರುತ್ತದೆ. ಬಲಗುಂಡಿ ಪಟ್ಟಿಯ ತಿರುಳು ಇಷ್ಟೇ.

ಇಲ್ಲೊಂದು ಸ್ವಾರಸ್ಯವಿದೆ. ಸ್ಮಾಲ್‌ಟಾಕ್‌ನವರು ಗುಂಡಿಗಳನ್ನು ಎಡ, ನಡು, ಬಲ ಎನ್ನಲಿಲ್ಲ. ಕೆಂಪು, ಹಳದಿ, ನೀಲಿ ಎಂದರು. ಕೆಂಪು ಆರಿಸಲಿಕ್ಕೆ, ಹಳದಿ ಒಳಗಿನ ವಿಷಯದ ಪಟ್ಟಿಗೆ, ನೀಲಿ ಕಿಟಕಿಯ ಪಟ್ಟಿಗೆ. ನಮ್ಮ ತರಗತಿಯ ಎಡಗೈ ಮಕ್ಕಳಿಗೆ ಮೌಸಿನ ಗುಂಡಿಗಳನ್ನು ಅದಲು ಬದಲು ಮಾಡಿ ಕೊಟ್ಟಾಗ 'ಬಲಗುಂಡಿ' ಎಂಬ ಮಾತೇ ಗೊಂದಲ ತರುತ್ತದೆ. ಬಣ್ಣದ ಹೆಸರೇ ಉಳಿದಿದ್ದರೆ ಆ ಮಕ್ಕಳಿಗೆ ಎಷ್ಟು ಸುಲಭವಾಗುತ್ತಿತ್ತು!

ಒಂದು ಗುಂಡಿಯೋ, ಎರಡೋ?

ಝೆರಾಕ್ಸ್‌ನಿಂದ ಆಪಲ್ ಕಂಪನಿಗೆ ಬಂದ ಲ್ಯಾರಿ ಟೆಸ್ಲರ್ ಒಂದೇ ಗುಂಡಿ ಸಾಕು ಎಂದು ವಾದಿಸಿದರು. ಹೊಸಬರಿಗೆ ಯಾವ ಗುಂಡಿ ಒತ್ತಬೇಕು ಎಂಬ ಅನುಮಾನವೇ ಬರಬಾರದು ಎಂಬುದು ಅವರ ವಾದ. 1983ರ ಲೀಸಾ, 1984ರ ಮ್ಯಾಕಿಂಟಾಷ್ ಎರಡರಲ್ಲೂ ಒಂದೇ ಗುಂಡಿ. ಪಟ್ಟಿಗಳೆಲ್ಲ ಪರದೆಯ ಮೇಲಂಚಿನಲ್ಲಿ, ಸದಾ ಕಣ್ಣಿಗೆ ಕಾಣುವಂತೆ ಇದ್ದವು. ಕಲಿಸುವವರಾದ ನಮಗೆ ಈ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಬಲಗುಂಡಿಯ ಪಟ್ಟಿ ಅಡಗಿ ಕೂತಿರುತ್ತದೆ, ಒತ್ತಿ ನೋಡು ಎಂದು ಯಾರಾದರೂ ಹೇಳಿಕೊಡದಿದ್ದರೆ ಅದು ಇದೆ ಎಂದೇ ಗೊತ್ತಾಗುವುದಿಲ್ಲ.

ಮೈಕ್ರೋಸಾಫ್ಟ್ 1983ರಲ್ಲಿ ಮಾರುಕಟ್ಟೆಗೆ ತಂದ ಮೌಸಿಗೆ ಎರಡು ಗುಂಡಿಗಳಿದ್ದವು. ಆದರೆ ಬಲಗುಂಡಿಗೆ ಹೇಳಿಕೊಳ್ಳುವ ಕೆಲಸವಿರಲಿಲ್ಲ. 1992ರ ವಿಂಡೋಸ್ 3.1ರಲ್ಲೂ ಕಡತದ ಮೇಲೆ ಬಲಗುಂಡಿ ಒತ್ತಿದರೆ ಇಂದಿನಂಥ ಪಟ್ಟಿ ಬರುತ್ತಿರಲಿಲ್ಲ. ಅದೇ ವರ್ಷ ಐಬಿಎಂ ಹೊರತಂದ ಓಎಸ್/2ರ ಎರಡನೆಯ ಆವೃತ್ತಿಯಲ್ಲಿ ಮಾತ್ರ ವಸ್ತುವಿನ ಮೇಲೆ ಬಲಗುಂಡಿ ಒತ್ತಿ ಪಟ್ಟಿ ಪಡೆಯುವ ಸೌಕರ್ಯ ಇತ್ತು.

ಎಲ್ಲವೂ ಬದಲಾದದ್ದು 1995ರ ಆಗಸ್ಟ್ 24ರಂದು. ಅಂದು ಬಿಡುಗಡೆಯಾದ ವಿಂಡೋಸ್ 95ರಲ್ಲಿ ಯಾವ ಕಡತದ ಮೇಲೆ ಬಲಗುಂಡಿ ಒತ್ತಿದರೂ ಅದಕ್ಕೆ ತಕ್ಕ ಪಟ್ಟಿ ಬಂತು. ಕೋಟಿಗಟ್ಟಲೆ ಜನರ ಬೆರಳಿಗೆ ಈ ಅಭ್ಯಾಸ ಅಂಟಿದ್ದು ಆಗಲೇ. ಮ್ಯಾಕಿಂಟಾಷ್ ಕೂಡ 1997ರಲ್ಲಿ ಕಂಟ್ರೋಲ್ ಕೀ ಒತ್ತಿ ಕ್ಲಿಕ್ ಮಾಡಿದರೆ ಪಟ್ಟಿ ಕೊಡತೊಡಗಿತು.

ಪಟ್ಟಿಯ ಬಾಗಿಲು ತೆರೆದದ್ದು

ಈಗ ಮುಖ್ಯ ವಿಷಯಕ್ಕೆ ಬರೋಣ. ವಿಂಡೋಸ್ 95 ಪಟ್ಟಿಯನ್ನು ಕೊಟ್ಟದ್ದು ಮಾತ್ರವಲ್ಲ, ಅದಕ್ಕೆ ಹೊಸ ಹೆಸರು ಸೇರಿಸುವ ದಾರಿಯನ್ನೂ ಇಟ್ಟಿತು. ಅದರಲ್ಲಿ ಎರಡು ದಾರಿ ನಮಗೆ ಮುಖ್ಯ.

ಮೊದಲನೆಯದು 'ಸೆಂಡ್ ಟು'. ಇದು ಮಂತ್ರವೂ ಅಲ್ಲ, ಮಾಯೆಯೂ ಅಲ್ಲ, ಬರೀ ಒಂದು ಫೋಲ್ಡರ್. ಅದರೊಳಗೆ ಯಾವ ತಂತ್ರಾಂಶದ ಶಾರ್ಟ್‌ಕಟ್ ಹಾಕಿದರೂ ಅದರ ಹೆಸರು 'ಸೆಂಡ್ ಟು' ಪಟ್ಟಿಯಲ್ಲಿ ಕಾಣುತ್ತದೆ. ಈಗಿನ ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬಂದ ಚೌಕದಲ್ಲಿ 'ಶೆಲ್:ಸೆಂಡ್‌ಟು' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದರೆ ಆ ಫೋಲ್ಡರ್ ತೆರೆಯುತ್ತದೆ. ಫೋಟೋ ತಿದ್ದುವ ತಂತ್ರಾಂಶದ ಶಾರ್ಟ್‌ಕಟ್ಟನ್ನು ಅಲ್ಲಿ ಅಂಟಿಸಿದರೆ ಮುಗಿಯಿತು. ಬೇಡವಾದರೆ ಶಾರ್ಟ್‌ಕಟ್ ಅಳಿಸಿದರಾಯಿತು, ತಂತ್ರಾಂಶಕ್ಕೆ ಏನೂ ಆಗದು.

ಎರಡನೆಯದು ರಿಜಿಸ್ಟ್ರಿ. ನಮ್ಮ ಶಾಲೆಯ ದಾಖಲಾತಿ ಪುಸ್ತಕದ ಹಾಗೆ ಇದು ಗಣಕದ ದಾಖಲಾತಿ ಪುಸ್ತಕ. ಯಾವ ಬಗೆಯ ಕಡತವನ್ನು ಯಾವ ತಂತ್ರಾಂಶ ತೆರೆಯಬೇಕು ಎಂಬುದು ಅಲ್ಲಿ ಬರೆದಿರುತ್ತದೆ. ಒಂದೊಂದು ಬಗೆಯ ಕಡತಕ್ಕೂ 'ಶೆಲ್' ಎಂಬ ವಿಭಾಗ, ಅದರೊಳಗೆ 'ಓಪನ್', 'ಎಡಿಟ್', 'ಪ್ರಿಂಟ್' ಎಂಬ ಕ್ರಿಯಾಪದಗಳು, ಒಂದೊಂದು ಕ್ರಿಯಾಪದದೊಳಗೆ ಒಂದು 'ಕಮಾಂಡ್', ಅಂದರೆ ಆಜ್ಞೆ. ವ್ಯಾಕರಣ ಕಲಿಸುವ ನಮಗೆ ಇದು ಹೊಸತಲ್ಲ. ಕಡತ ಕರ್ಮಪದ, ತಂತ್ರಾಂಶ ಕರ್ತೃಪದ, ನಡುವೆ ಕ್ರಿಯಾಪದ. ತಮಾಷೆಯಲ್ಲ, ಮೈಕ್ರೋಸಾಫ್ಟ್‌ನ ಕೈಪಿಡಿಗಳೂ ಇವನ್ನು ಕ್ರಿಯಾಪದಗಳೆಂದೇ ಕರೆಯುತ್ತವೆ.

ಆಜ್ಞೆಯ ಸಾಲಿನಲ್ಲಿ ತಂತ್ರಾಂಶ ಇರುವ ಜಾಗವನ್ನು ಬರೆದು, ಕೊನೆಯಲ್ಲಿ ಶೇಕಡಾ ಚಿಹ್ನೆ ಮತ್ತು 1 ಬರೆಯುತ್ತಾರೆ: "%1". ನಾವು ಯಾವ ಫೋಟೋದ ಮೇಲೆ ಗುಂಡಿ ಒತ್ತಿದೆವೋ ಅದರ ಹೆಸರು ಆ ಜಾಗದಲ್ಲಿ ಬಂದು ಕೂರುತ್ತದೆ. ಅದನ್ನು ಉದ್ಧರಣ ಚಿಹ್ನೆಗಳ ನಡುವೆಯೇ ಇಡಬೇಕು. ಇಲ್ಲವಾದರೆ 'ಶಾಲಾ ಪ್ರವೇಶೋತ್ಸವ' ಎಂಬ ಹೆಸರಿನ ಫೋಟೋವನ್ನು ತಂತ್ರಾಂಶ 'ಶಾಲಾ' ಒಂದು, 'ಪ್ರವೇಶೋತ್ಸವ' ಇನ್ನೊಂದು ಎಂದು ಒಡೆದು ಓದಿ, ಅಂಥ ಕಡತವೇ ಇಲ್ಲ ಎನ್ನಬಹುದು. ಒಂದು ಪುಟ್ಟ ಚಿಹ್ನೆ ತಪ್ಪಿದರೆ ಅರ್ಥವೇ ಕೆಡುತ್ತದೆ ಎಂದು ಮಕ್ಕಳಿಗೆ ಹೇಳುತ್ತೇವಲ್ಲ, ಅದೇ ಇಲ್ಲಿ ಕೂಡ.

2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಫೋಟೋಗಳಿಗೆ ಇನ್ನೊಂದು ಅನುಕೂಲ ಬಂತು. ಜೆಪೆಗ್, ಪಿಎನ್‌ಜಿ, ಬಿಎಂಪಿ ಎಂದು ಬೇರೆ ಬೇರೆಯಾಗಿ ಬರೆಯುವ ಬದಲು 'ಇಮೇಜ್' ಎಂಬ ಒಂದೇ ಜಾತಿಗೆ ಆಜ್ಞೆ ಬರೆದರೆ ಎಲ್ಲ ಚಿತ್ರಗಳ ಪಟ್ಟಿಯಲ್ಲೂ ಹೆಸರು ಬರುವ ಏರ್ಪಾಡು ಅದು. ಎಕ್ಸ್‌ಪಿಯಲ್ಲಿ 'ತೆರೆ' ಎಂದರೆ ಚಿತ್ರ ನೋಡುವ ತಂತ್ರಾಂಶ, 'ತಿದ್ದು' ಎಂದರೆ ಪೇಂಟ್. ನೋಡುವುದು ಬೇರೆ, ತಿದ್ದುವುದು ಬೇರೆ ಎಂಬ ಈ ಭೇದ ಮುಖ್ಯವಾದದ್ದು. ಪಟ್ಟಿಗೆ ಹೊಸ ಹೆಸರು ಸೇರಿಸಿದರೆ ಹಳೆಯ ವ್ಯವಸ್ಥೆ ಕೆಡುವುದಿಲ್ಲ, ಎರಡು ಬಾರಿ ಕ್ಲಿಕ್ ಮಾಡಿದರೆ ಮೊದಲಿನ ತಂತ್ರಾಂಶವೇ ತೆರೆಯುತ್ತದೆ.

ಜಿಂಪ್ ಮತ್ತು ನಮ್ಮ ಶಾಲೆಗಳು

ಬಲಗುಂಡಿಯನ್ನು ಎಲ್ಲರಿಗಿಂತ ಹೆಚ್ಚು ನೆಚ್ಚಿದ ಫೋಟೋ ತಂತ್ರಾಂಶವೆಂದರೆ ಜಿಂಪ್. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ಇದನ್ನು ಬರೆದು 1996ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಅದರ ಹಳೆಯ ಆವೃತ್ತಿಗಳಲ್ಲಿ ಚಿತ್ರದ ಕಿಟಕಿಗೆ ಮೇಲ್ಭಾಗದ ಪಟ್ಟಿಯೇ ಇರಲಿಲ್ಲ. ಚಿತ್ರದ ಮೇಲೆ ಬಲಗುಂಡಿ ಒತ್ತಿದರೆ ಮಾತ್ರ ಎಲ್ಲ ಆಜ್ಞೆಗಳೂ ಸಿಗುತ್ತಿದ್ದವು. 2004ರ 2.0 ಆವೃತ್ತಿಯಲ್ಲಿ ಮೇಲಿನ ಪಟ್ಟಿ ಬಂತು, ಹಳೆಯ ಅಭ್ಯಾಸವೂ ಉಳಿಯಿತು.

ಕೇರಳದ ಶಾಲೆಗಳಿಗೂ ಜಿಂಪ್‌ಗೂ ಹತ್ತಿರದ ನಂಟು. 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಸ್ವತಂತ್ರ ತಂತ್ರಾಂಶದ ದಾರಿ ಹಿಡಿಯಿತು, 2017ರಲ್ಲಿ 'ಕೈಟ್' ಎಂಬ ಕಂಪನಿಯ ರೂಪ ಪಡೆಯಿತು. ಹಾಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡ ಪಾಠಪುಸ್ತಕದಲ್ಲೇ ಜಿಂಪ್ ಕಲಿತರು. ಗ್ನೂ/ಲಿನಕ್ಸ್‌ನಲ್ಲಿ ರಿಜಿಸ್ಟ್ರಿ ಇಲ್ಲ. ಪ್ರತಿ ತಂತ್ರಾಂಶಕ್ಕೂ 'ಡೆಸ್ಕ್‌ಟಾಪ್' ಎಂಬ ಬಾಲದ ಒಂದು ಸಾದಾ ಪಠ್ಯ ಕಡತ ಇರುತ್ತದೆ. ತಂತ್ರಾಂಶವನ್ನು ಹೇಗೆ ಓಡಿಸಬೇಕು, ಅದು ಯಾವ ಯಾವ ಬಗೆಯ ಕಡತಗಳನ್ನು ತೆರೆಯಬಲ್ಲದು ಎಂದು ಅದರಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ. ಅದನ್ನು ನೋಡಿಯೇ 'ಇದರೊಂದಿಗೆ ತೆರೆ' ಎಂಬ ಪಟ್ಟಿ ತಯಾರಾಗುತ್ತದೆ. ಒಂಬತ್ತನೇ ತರಗತಿಯ ಮಗು ಕೂಡ ಆ ಕಡತವನ್ನು ಬಿಚ್ಚಿ ಓದಬಹುದು. ಗಣಕದ ಹೊಟ್ಟೆಯೊಳಗೆ ಏನಿದೆ ಎಂದು ಮಗುವಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ತುಂಬಿ ಹೋದ ಪಟ್ಟಿ

ಬಾಗಿಲು ತೆರೆದಿಟ್ಟರೆ ನೆಂಟರೂ ಬರುತ್ತಾರೆ, ಕರೆಯದವರೂ ಬರುತ್ತಾರೆ. ಪ್ರತಿ ತಂತ್ರಾಂಶವೂ ತನ್ನ ಹೆಸರನ್ನು ಬಲಗುಂಡಿಯ ಪಟ್ಟಿಗೆ ತುರುಕತೊಡಗಿತು. ಹಲವು ಸಲ ಕೇಳದೆಯೇ. ಪಟ್ಟಿ ಉದ್ದವಾಯಿತು, ತೆರೆಯಲು ತಡವಾಯಿತು. 2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಪಟ್ಟಿಯನ್ನು ಮೊಟಕು ಮಾಡಿತು. ನಾವು ಸೇರಿಸಿದ ಹಳೆಯ ಬಗೆಯ ಹೆಸರುಗಳು, 'ಸೆಂಡ್ ಟು' ಸಹಿತ, 'ಶೋ ಮೋರ್ ಆಪ್ಷನ್ಸ್' ಎಂಬ ಎರಡನೆಯ ಬಾಗಿಲಿನ ಹಿಂದೆ ಹೋದವು. ಕಡತವನ್ನು ಆರಿಸಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಆ ಹಳೆಯ ಪಟ್ಟಿ ನೇರವಾಗಿ ಬರುತ್ತದೆ.

ಮೊಟಕು ಮಾಡಿದ್ದು ತಪ್ಪು ಎನ್ನಲಾರೆವು, ಗಲೀಜು ನಿಜಕ್ಕೂ ಇತ್ತು. ಆದರೆ ಕೇಳದೆ ಬಂದವರ ಜೊತೆಗೆ ನಾವೇ ಕರೆದು ಕೂರಿಸಿದವರೂ ಹಿಂದಿನ ಸಾಲಿಗೆ ಹೋದರು ಎಂಬುದನ್ನು ಗಮನಿಸಬೇಕು.

ನಮಗೇಕೆ ಇದು ಮುಖ್ಯ?

ಗಡಿನಾಡಿನ ಕನ್ನಡಿಗರಾದ ನಮಗೆ ಪಟ್ಟಿಯಲ್ಲಿ ಹೆಸರು ಇರುವುದು, ಇಲ್ಲದಿರುವುದು ಎಂದರೇನು ಎಂದು ಯಾರೂ ವಿವರಿಸಬೇಕಾಗಿಲ್ಲ. ಅರ್ಜಿಯ ಭಾಷೆಯ ಪಟ್ಟಿಯಲ್ಲಿ ಕನ್ನಡ ಇದೆಯೇ ಎಂದು ಮೊದಲು ಹುಡುಕುವವರು ನಾವು. ಕೊಟ್ಟ ಪಟ್ಟಿಯೇ ಕೊನೆಯ ಮಾತು ಎಂದು ನಂಬಿದ ಮಗು ಇದ್ದುದರಲ್ಲೇ ಒಂದನ್ನು ಆರಿಸಿ ಸುಮ್ಮನಾಗುತ್ತದೆ. ಪಟ್ಟಿಗೂ ಒಂದು ಚರಿತ್ರೆ ಇದೆ, ಅದನ್ನು ಬರೆದವರು ನಮ್ಮಂಥ ಮನುಷ್ಯರೇ, ಅದಕ್ಕೆ ಹೆಸರು ಸೇರಿಸಬಹುದು ಎಂದು ತಿಳಿದ ಮಗು ಕೇಳಲು ಕಲಿಯುತ್ತದೆ.

ಆದ್ದರಿಂದ ಮಿತ್ರರೇ, ಶಾಲೆಯ ಗಣಕದಲ್ಲಿ ಮಕ್ಕಳಿಂದಲೇ ಈ ಕೆಲಸ ಮಾಡಿಸಿ. ಮೊದಲು 'ಸೆಂಡ್ ಟು' ದಾರಿ ಸಾಕು, ಅದರಲ್ಲಿ ಅಪಾಯವಿಲ್ಲ. ರಿಜಿಸ್ಟ್ರಿಗೆ ಕೈ ಹಾಕುವುದಾದರೆ ಅದರ ಪ್ರತಿಯೊಂದನ್ನು ಎಕ್ಸ್‌ಪೋರ್ಟ್ ಮಾಡಿ ತೆಗೆದಿಟ್ಟುಕೊಂಡ ಮೇಲೆಯೇ ಹಾಕಿ, ಮಕ್ಕಳ ಪಕ್ಕದಲ್ಲಿ ನೀವಿರಿ. ಇನ್ನೊಂದು ಮಾತು: ಶಾರ್ಟ್‌ಕಟ್‌ಗೆ ಹೆಸರಿಡುವಾಗ 'ಫೋಟೋ ತಿದ್ದು' ಎಂದು ಕನ್ನಡದಲ್ಲೇ ಇಡಿ. ಗಣಕ ಅದನ್ನು ಹಾಗೆಯೇ ತೋರಿಸುತ್ತದೆ. ಇಂಗ್ಲಿಷ್ ಸಾಲುಗಳ ನಡುವೆ ತಾನೇ ಬರೆದ ಒಂದು ಕನ್ನಡ ಸಾಲು ಕಂಡಾಗ ಮಗುವಿನ ಮುಖ ನೋಡಿ.