ಎಂಬತ್ತೆರಡರಲ್ಲಿ ಇಪ್ಪತ್ತಾರು

ಹುಬ್ಬಳ್ಳಿಗೆ ಮುನಸಿಪಾಲಿಟಿ ಬಂದದ್ದು 1855ರ ಆಗಸ್ಟ್ 15ರಂದು, ಧಾರವಾಡಕ್ಕೆ 1856ರ ಜನವರಿ 1ರಂದು. ನಡುವೆ ಐದು ತಿಂಗಳೂ ಇಲ್ಲ. ಎರಡೂ ಮುಂಬೈ ಪ್ರಾಂತದ ಊರುಗಳು, ಎರಡಕ್ಕೂ 1850ರ ಅದೇ ಕಾಯ್ದೆ. ಮುಂದೆ ಒಂದು ಶತಮಾನಕ್ಕೂ ಮಿಕ್ಕಿ ಎರಡೂ ತಮ್ಮ ತಮ್ಮ ಜಮಾ-ಖರ್ಚು ತಾವೇ ನೋಡಿಕೊಂಡವು. ಧಾರವಾಡದ ಮಾಳಮಡ್ಡಿಯಲ್ಲಿ ಹುಟ್ಟಿ ಬೆಳೆದು, ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ನನಗೆ ಈ ಎರಡು ತಾರೀಖುಗಳು ಮುಖ್ಯ. ಹುಬ್ಬಳ್ಳಿಯಿಂದ ಪ್ರತ್ಯೇಕ ಪಾಲಿಕೆ ಬೇಡಿದ ಧಾರವಾಡ ಹೊಸದೇನನ್ನೋ ಕೇಳಿತು ಎಂದು ಹಲವರು ತಿಳಿದಿದ್ದಾರೆ. ಕೇಳಿದ್ದು 1962ರಲ್ಲಿ ಎರಡೂ ಊರನ್ನು ಒಂದೇ ಪಾಲಿಕೆಗೆ ಕೂಡಿಸುವ ವರೆಗೆ ನಮ್ಮಲ್ಲಿ ಇದ್ದದ್ದನ್ನೇ.

ಆ ಹಳೆಯ ಮುನಸಿಪಾಲಿಟಿ ಜನರದಾಗಿತ್ತು ಎಂದು ನಾನು ಹೇಳಲಾರೆ. ಮೊದಮೊದಲು ಅಲ್ಲಿ ಕೂತವರು ಸರಕಾರ ನೇಮಿಸಿದವರು. ವೈಸರಾಯ್ ಲಾರ್ಡ್ ರಿಪನ್ನರ 1882ರ ಸ್ಥಳೀಯ ಸ್ವಾಡಳಿತದ ಠರಾವು ಬಂದ ಮೇಲೆ ಚುನಾವಣೆಯ ಬಾಗಿಲು ತೆರೆಯಿತು, ಆದರೆ ಆಸ್ತಿ ಇದ್ದು ತೆರಿಗೆ ಕಟ್ಟುವವರಿಗೆ ಮಾತ್ರ. ಧಾರವಾಡಕ್ಕೆ ಸ್ವತಂತ್ರ ಅಧ್ಯಕ್ಷರೊಬ್ಬರು ಸಿಗಲು 1907ರ ತನಕ ಕಾಯಬೇಕಾಯಿತು, ಅವರು ಎಸ್.ಕೆ. ರೊದ್ದ. ಹೊಸಯಲ್ಲಾಪುರ, ಕಮಲಾಪುರದ ಓಣಿಗಳ ದುಡಿಯುವ ಮಂದಿಗೆ ಅಲ್ಲಿ ದನಿಯೇ ಇರಲಿಲ್ಲ.

ಆದರೂ ಊರಿನ ದುಡ್ಡಿನ ಮಾತು ಊರೊಳಗೇ ನಡೆಯುತ್ತಿತ್ತು. ಧಾರವಾಡ ಗುಡ್ಡ-ಇಳಿಜಾರಿನ ಊರು. ಮಳೆಗಾಲದಲ್ಲಿ ನೀರು ಹರಿದು ಕೆಳಗಿಳಿದುಬಿಡುತ್ತದೆ, ಬೇಸಿಗೆಗೆ ಬಾವಿಗಳು ಬತ್ತುತ್ತವೆ. ಮುಂಬೈ ಸರಕಾರದ ಎಂಜಿನಿಯರ್ ಆಗಿದ್ದ ಕಾಲಕ್ಕೆ ವಿಶ್ವೇಶ್ವರಯ್ಯನವರು ಧಾರವಾಡದ ನೀರಿನ ಯೋಜನೆಯಲ್ಲಿ ಕೈ ಇಟ್ಟಿದ್ದರು. ಪಶ್ಚಿಮದ ಅಂಚಿನ ಕೆಲಗೇರಿ ಕೆರೆ ಊರಿಗೆ ಕುಡಿಯುವ ನೀರು ಕೊಟ್ಟದ್ದು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ. ಊರಿನ ಮೊದಲ ಗರಜು ಯಾವುದು ಎಂದು ಆಗಿನವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ: ಮೊದಲು ನೀರು, ಆಮೇಲೆ ಗಟಾರ, ಆಮೇಲೆ ಉಳಿದದ್ದು.

1962ರ ಮಾರ್ಚ್ 1ರಂದು ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ ಹುಟ್ಟಿತು. ಬೆಂಗಳೂರಿನ ನಂತರ ರಾಜ್ಯದಲ್ಲಿ ಅದೇ ಎರಡನೆಯದು. ಇಪ್ಪತ್ತು ಕಿಲೋಮೀಟರ್ ದೂರದ ಎರಡು ಊರಿನ ಜನಸಂಖ್ಯೆ ಕೂಡಿಸಿದರೆ ಆಗ ಸುಮಾರು ಎರಡೂವರೆ ಲಕ್ಷ. ಉಣಕಲ್ಲು, ರಾಯಾಪುರ, ಸತ್ತೂರು, ನವಲೂರಿನ ಹೊಲಗಳು ನಡುವೆ ಇದ್ದವು. ಆ ಬಯಲು ತುಂಬಿ ಎರಡೂ ಒಂದಾಗುತ್ತವೆ ಎಂಬ ನಂಬಿಕೆಯೂ ಇತ್ತು. ಅದು ಕೆಟ್ಟ ಕನಸೇನಲ್ಲ. ಆದರೆ ಮೊದಲ ದಿನದಿಂದಲೇ ಹುಬ್ಬಳ್ಳಿ ಧಾರವಾಡದ ಎರಡು ಪಟ್ಟಿಗಿಂತ ದೊಡ್ಡದು. ಸಭೆಯಲ್ಲಿ ಕೈ ಎತ್ತಿ ತೀರ್ಮಾನ ಆಗುವಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿಲ್ಲ. ಯಾರದೂ ದುರುದ್ದೇಶ ಬೇಕಾಗಿಲ್ಲ. ಹೆಚ್ಚು ಸದಸ್ಯರು ಎಲ್ಲಿಯವರೋ ಕೆಲಸ ಮೊದಲು ಅಲ್ಲಿ ಆಗುತ್ತದೆ. 2021ರ ಚುನಾವಣೆಯ ಹೊತ್ತಿಗೆ ವಾರ್ಡುಗಳು 82, ಅದರಲ್ಲಿ ಧಾರವಾಡದವು 26. ಧಾರವಾಡದವರು ಮೇಯರ್ ಆದದ್ದೂ ಉಂಟು. ಆದರೆ ಮೇಯರರ ಅವಧಿ ಒಂದೇ ವರ್ಷ. ಬಜೆಟ್ಟು ಅರ್ಥವಾಗುವ ಹೊತ್ತಿಗೆ ಖುರ್ಚಿ ಬಿಡಬೇಕು.

ಹುಬ್ಬಳ್ಳಿಯನ್ನು ದೂರಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಮತದ ಬಲ ಇಳಿದದ್ದು ಬೇರೆ ದಾರಿಗಳಿಂದಲೂ. ಒಂದು ಕಾಲಕ್ಕೆ ಮುನಸಿಪಾಲಿಟಿಗಳ ಸ್ವಂತ ಆದಾಯದ ಬೆನ್ನೆಲುಬು ಜಕಾತಿ. ಹತ್ತಿ, ಕಾಳುಕಡಿ, ಬಟ್ಟೆ ಏನೇ ಊರೊಳಗೆ ಬಂದರೂ ನಾಕಾದಲ್ಲಿ ಸುಂಕ ಕಟ್ಟಿಯೇ ಬರಬೇಕು. ವ್ಯಾಪಾರಿಗಳಿಗೆ ಅದೊಂದು ಕಾಟ, ನಿಜ. 1979ರಲ್ಲಿ ರಾಜ್ಯ ಸರಕಾರ ಜಕಾತಿ ತೆಗೆದುಹಾಕಿ ಬದಲಿಗೆ ಅನುದಾನ ಕೊಡತೊಡಗಿತು. ಅಲ್ಲಿಂದಾಚೆಗೆ ಪಾಲಿಕೆ ದುಡ್ಡಿಗಾಗಿ ಬೆಂಗಳೂರಿನ ಕಡೆ ಮುಖ ಮಾಡಿ ನಿಂತಿದೆ.

ನೀರಿನ ಕಥೆಯೂ ಹೀಗೇ ಕೈತಪ್ಪಿತು. ಹುಬ್ಬಳ್ಳಿಗೆ 1955ರಲ್ಲಿ ನೀರಸಾಗರ ಆಗಿತ್ತು. 1983ರಲ್ಲಿ ಸವದತ್ತಿಯಿಂದ ಮಲಪ್ರಭೆಯ ನೀರು ಬಂತು. ಅದು ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಎರಡೂ ಊರಿಗೆ ಹರಿಯುತ್ತದೆ. ಆದರೆ ಅದರ ನಿರ್ವಹಣೆ ಬಹುಕಾಲ ರಾಜ್ಯದ ಜಲಮಂಡಳಿಯ ಹತ್ತಿರ ಇತ್ತು. ಬೇಸಿಗೆಯಲ್ಲಿ ನಳಕ್ಕೆ ವಾರಕ್ಕೊಮ್ಮೆ ನೀರು ಬಂದರೆ ಓಣಿಯ ಹೆಣ್ಣುಮಕ್ಕಳು ಕಾರ್ಪೊರೇಟರನ ಮನೆಯ ಮುಂದೆ ಕೊಡ ಇಟ್ಟು ಕೇಳುತ್ತಿದ್ದರು: "ಯಾವಾಗ ಬಿಡ್ತೀರಿ ಸಾಹೇಬ್ರ?" ಆ ಮನುಷ್ಯನಿಗೆ ಮತ ಕೊಟ್ಟವರು ಅವರು, ನೀರಿನ ಕೀಲಿ ಇದ್ದದ್ದು ಬೇರೆಯವರಲ್ಲಿ.

ಆಮೇಲೆ ಕಂಪನಿಗಳ ಕಾಲ ಬಂತು. ತ್ವರಿತ ಬಸ್ಸಿಗೊಂದು, ಸ್ಮಾರ್ಟ್ ಸಿಟಿಗೊಂದು. ಚಿಗರಿ ಎಂಬ ಆ ತ್ವರಿತ ಬಸ್ಸನ್ನು ನಾನು ಮನಸ್ಸಿನಿಂದ ಮೆಚ್ಚುತ್ತೇನೆ. ಎರಡು ಊರಿನ ನಡುವಿನ ಅದರ 22 ಕಿಲೋಮೀಟರ್ ಹಾದಿ ವಿದ್ಯಾರ್ಥಿಗಳಿಗೂ ನೌಕರರಿಗೂ ದೊಡ್ಡ ಆಸರೆ. ಆದರೆ ಮಳೆ ಜೋರಾದ ದಿನ ಧಾರವಾಡದ ಟೋಲ್ ನಾಕಾದ ಬಳಿ ಅದೇ ಹಾದಿಯಲ್ಲಿ ನೀರು ನಿಲ್ಲುತ್ತದೆ. ನೂರಾರು ಕೋಟಿಯ ರಸ್ತೆಯನ್ನು ಯೋಚಿಸುವಾಗ ಇಳಿಜಾರಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಆ ಓಣಿಯವರನ್ನು ಕೇಳಿದ್ದರೆ ಸಾಕಿತ್ತು. ಸ್ಮಾರ್ಟ್ ಸಿಟಿಯ ಪಟ್ಟಿಗೆ 2016ರಲ್ಲಿ ಸೇರಿದ ಹೆಸರು ಹುಬ್ಬಳ್ಳಿ-ಧಾರವಾಡ. ಪ್ರದೇಶ ಅಭಿವೃದ್ಧಿಗೆ ಆಯ್ದುಕೊಂಡದ್ದು ಹುಬ್ಬಳ್ಳಿಯ ನಡುಭಾಗ. ಕಂಪನಿಯ ಮಂಡಳಿಯನ್ನು ಯಾವ ವಾರ್ಡೂ ಆರಿಸಿ ಕಳಿಸುವುದಿಲ್ಲ.

ಆರಿಸಿ ಕಳಿಸುವ ಸಭೆಯೇ ಇಲ್ಲದ ಕಾಲವನ್ನೂ ನೋಡಿದೆವು. ಹಿಂದಿನ ಕೌನ್ಸಿಲ್ಲಿನ ಅವಧಿ 2019ರ ಮಾರ್ಚಿಗೆ ಮುಗಿಯಿತು. ಮತದಾನ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ, ಮೇಯರ್ ಆಯ್ಕೆ 2022ರ ಮೇ ತಿಂಗಳಲ್ಲಿ. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಮೂರು ವರ್ಷಕ್ಕೂ ಹೆಚ್ಚು ಕಾಲ, ಅದರಲ್ಲೂ ಕೋವಿಡ್ ಹಾವಳಿಯ ದಿನಗಳಲ್ಲಿ, ಈ ಎರಡು ಊರಿಗೆ ಮೇಯರ್ ಇರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

2025ರ ಜನವರಿಯಲ್ಲಿ ಸಚಿವ ಸಂಪುಟ ಧಾರವಾಡದ ಪ್ರತ್ಯೇಕ ಪಾಲಿಕೆಗೆ ಒಪ್ಪಿತು. ಸಾಹಿತಿಗಳು, ವಕೀಲರು, ನಿವೃತ್ತ ನೌಕರರು ವರ್ಷಗಟ್ಟಲೆ ಹೋರಾಡಿದ್ದರ ಫಲ ಅದು, ನಾನೂ ಸಂತೋಷಪಟ್ಟೆ. ಸಂತೋಷದ ಬೆನ್ನಿಗೇ ಒಂದು ಚಿಂತೆ. ಧಾರವಾಡ ಕಚೇರಿಗಳ ಊರು, ವಿದ್ಯೆಯ ಊರು. ಜಿಲ್ಲಾ ಕಚೇರಿಗಳು, ಹೈಕೋರ್ಟ್ ಪೀಠ, ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಹಳೆಯ ಕಾಲೇಜುಗಳು. ನಮ್ಮ ಹೆಮ್ಮೆಯೆಲ್ಲ ಇವೇ. ಆದರೆ ಸರಕಾರದ ಕಟ್ಟಡಗಳು, ಶಿಕ್ಷಣ ಸಂಸ್ಥೆಗಳು ಮನೆಯವರಂತೆ, ಅಂಗಡಿಯವರಂತೆ ಪೂರ್ತಿ ಆಸ್ತಿ ತೆರಿಗೆ ಕಟ್ಟುವುದಿಲ್ಲ. ವ್ಯಾಪಾರದ ತೆರಿಗೆ ಹುಬ್ಬಳ್ಳಿಯಲ್ಲಿ ಉಳಿಯುತ್ತದೆ. ಹಾಗಾಗಿ 26 ವಾರ್ಡಿನ ಪಾಲಿಕೆಗೆ ಮೊದಲ ದಿನವೇ ಬೇಕಾದದ್ದು ಸರಕಾರದಿಂದ ಒಂದು ಗಟ್ಟಿ ಮಾತು: ತನ್ನ ಕಟ್ಟಡಗಳಿಂದ ಊರಿಗೆ ಆಗುವ ತೆರಿಗೆಯ ನಷ್ಟವನ್ನು ವರ್ಷಾವರ್ಷ ತುಂಬಿಕೊಡುತ್ತೇನೆ ಎಂಬುದು. ಹೊಸ ಪಾಲಿಕೆಗೆ ಹೊಸ ಭವನ, ಹೊಸ ಕಾರು, ವೃತ್ತಗಳಿಗೆ ಬಣ್ಣದ ದೀಪ ಎಂಬ ಮಾತುಗಳು ಆಗಲೇ ಕೇಳುತ್ತಿವೆ. ಅವೆಲ್ಲ ತಡೆಯಲಿ. ನನ್ನ ಮತ ಕೇಳಲು ಯಾರೇ ಬರಲಿ, ಮೂರು ಸಂಗತಿ ಕೇಳುತ್ತೇನೆ. ವಾರ್ಡ್ ಸಮಿತಿಯ ಸಭೆಯನ್ನು ಎಲ್ಲರ ಮುಂದೆ ನಡೆಸುತ್ತೀರಾ, ಕೆಲಗೇರಿ ಕೆರೆಗೆ ಗಟಾರದ ನೀರು ಸೇರದಂತೆ ಮೊದಲ ಬಜೆಟ್ಟಿನಲ್ಲೇ ಹಣ ಇಡುತ್ತೀರಾ, ಹೊಸಯಲ್ಲಾಪುರದ ಓಣಿಗಳಿಗೂ ಸಪ್ತಾಪುರದ ಬಡಾವಣೆಗೂ ಒಂದೇ ಸರದಿಯಲ್ಲಿ ನೀರು ಬಿಡಿಸುತ್ತೀರಾ?